ಪೆಟ್ರೋಲ್ ಹಾಕಿಸಿದ ಮೇಲೆ ಸ್ಟಾರ್ಟಿಂಗ್ ತೊಂದರೆ: ಇದ್ದಿಲು ಕ್ಯಾನಿಸ್ಟರ್ ಬದಲಿಸಲೇಬೇಕಾ?

ಹಳೇಗಾಡಿ:
ಇಂಜೆಕ್ಷನ್ ಇರುವ ಹಳೆಯ ಪೆಟ್ರೋಲ್ ಕಾರು. ಪೆಟ್ರೋಲ್ ಹಾಕಿಸಿದ ಕೂಡಲೇ ಸೆಲ್ಫ್ ಹೊಡೆದರೆ ಬೇಗ ಹಿಡಿಯಲ್ಲ, ಎಕ್ಸಿಲರೇಟರ್ ಒತ್ತಿಕೊಂಡೇ ಇರಬೇಕು. ಸ್ವಲ್ಪ ಹೊತ್ತು ಐಡ್ಲಿಂಗ್ ಕುಂಟುತ್ತದೆ, ಆಮೇಲೆ ಸರಿಹೋಗುತ್ತದೆ. ಬೇರೆ ಹೊತ್ತಿನಲ್ಲಿ ಏನೂ ತೊಂದರೆಯಿಲ್ಲ. ಹಿಂದಿನ ಚಕ್ರದ ಹತ್ತಿರ ಪೆಟ್ರೋಲ್ ವಾಸನೆ. ಸ್ಕ್ಯಾನರ್‌ನಲ್ಲಿ ಪಿ0441 ಅನ್ನುವ ದೋಷದ ಕೋಡ್ ಬರುತ್ತಿದೆ. ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿ, ಅಂದರೆ ಕ್ಯಾನಿಸ್ಟರ್, ಹೋಗಿದೆ ಅಂತಾರೆ. ಬಿಚ್ಚಿ ತೊಳೆದರೆ ಸಾಲದಾ?

ಸ್ಪ್ಯಾನರ್_14:
ತೊಳೆಯಬೇಡಿ. ನೀರಾಗಲಿ ಕಾರ್ಬೊರೇಟರ್ ಕ್ಲೀನರ್ ಆಗಲಿ ಒಳಗೆ ಹೋದರೆ ಚೆನ್ನಾಗಿದ್ದ ಇದ್ದಿಲೂ ಕೆಡುತ್ತದೆ.

ಅದಕ್ಕೂ ಮೊದಲು ಪರ್ಜ್ ವಾಲ್ವ್ ನೋಡಿ, ಕ್ಯಾನಿಸ್ಟರ್‌ನ ಆವಿಯನ್ನು ಎಂಜಿನ್‌ಗೆ ಬಿಡುವುದು ಅದೇ. ಪಿ0441 ಹೇಳುವುದು ಇಷ್ಟೇ: ಕಂಪ್ಯೂಟರ್ ಕೇಳಿದಷ್ಟು ಆವಿ ಹೋಗುತ್ತಿಲ್ಲ, ಇಲ್ಲವೇ ಕೇಳದೇ ಇದ್ದಾಗಲೂ ಹೋಗುತ್ತಿದೆ. ನಿಮ್ಮದು ಎರಡನೆಯದು ಅನಿಸುತ್ತದೆ. ಪೆಟ್ರೋಲ್ ತುಂಬುವಾಗ ಟ್ಯಾಂಕಿನೊಳಗಿನ ಆವಿ ಕ್ಯಾನಿಸ್ಟರ್‌ಗೆ ನುಗ್ಗುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಸೆಲ್ಫ್ ಹೊಡೆದಾಗ ಆ ಆವಿಯೆಲ್ಲ ನೇರ ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ಗೆ ಹೋಗಿ ಮಿಶ್ರಣ ವಿಪರೀತ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಪೆಟ್ರೋಲ್ ಅತಿಯಾಗುತ್ತದೆ. ಎಕ್ಸಿಲರೇಟರ್ ಒತ್ತಿದರೆ ಹಿಡಿಯುವುದು ಗಾಳಿ ಹೆಚ್ಚು ಸಿಗುವುದರಿಂದ.

ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ವಾಲ್ವ್‌ನಲ್ಲಿ ಕ್ಯಾನಿಸ್ಟರ್ ಕಡೆಯ ಪೈಪ್ ಕಿತ್ತು ಆ ಬಾಯಿಗೆ ಬೆರಳಿಡಿ. ಸಾಮಾನ್ಯವಾಗಿ ಎಂಜಿನ್ ಬಿಸಿಯಾಗುವವರೆಗೆ ಅಲ್ಲಿ ಎಳೆತ ಇರಬಾರದು. ಇದ್ದರೆ ವಾಲ್ವ್ ಬಿಚ್ಚಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. 12 ವೋಲ್ಟ್ ಕೊಟ್ಟಾಗ ಟಕ್ ಎಂದು ತೆರೆದು ಗಾಳಿ ಬಿಡಬೇಕು. ಬಾಯಿಂದ ಊದಬೇಡಿ, ಸಣ್ಣ ಪೈಪಿಗೆ ಕೈಪಂಪ್ ಹಾಕಿ. ಕಾಯಿಲ್ ರೆಸಿಸ್ಟೆನ್ಸ್ ಹಲವು ವಾಲ್ವ್‌ಗಳಲ್ಲಿ 20ರಿಂದ 30 ಓಮ್ ಆಸುಪಾಸು. ಆದರೆ ಓಮ್ ಸರಿಯಿದೆ ಅಂದಮಾತ್ರಕ್ಕೆ ವಾಲ್ವ್ ಸರಿಯಿದೆ ಅಂತಲ್ಲ, ಸಿಕ್ಕಿಕೊಳ್ಳುವುದು ಒಳಗಿನ ಸೀಟ್.

ಕೊನೆಗೆ ಬಿಚ್ಚಿದ ವಾಲ್ವನ್ನು ಬಿಳಿ ಕಾಗದದ ಮೇಲೆ ಕುಟ್ಟಿ. ಕಪ್ಪು ಹರಳು ಬಿದ್ದರೆ ಕ್ಯಾನಿಸ್ಟರ್ ಒಳಗೆ ಒಡೆದಿದೆ. ಆಗ ವಾಲ್ವ್ ಒಂದನ್ನೇ ಬದಲಿಸಿದರೆ ಹೊಸದೂ ಹೀಗೇ ಸಿಕ್ಕಿಕೊಳ್ಳುತ್ತದೆ.

ಕಾರ್ಬ್‌ಕಾಲ:
ಕ್ಯಾನಿಸ್ಟರ್ ಪರೀಕ್ಷೆಯನ್ನೂ ಸೇರಿಸುತ್ತೇನೆ. ಮೂರು ಬಾಯಿ ಇರುತ್ತದೆ: ಟ್ಯಾಂಕ್, ಪರ್ಜ್, ಹೊರಗಾಳಿಗೆ ತೆರೆದ ವೆಂಟ್. ಪರ್ಜ್ ಬಾಯಿ ಮುಚ್ಚಿ ಟ್ಯಾಂಕ್ ಬಾಯಿಗೆ ಮೆಲ್ಲಗೆ ಗಾಳಿ ಬಿಟ್ಟರೆ ವೆಂಟ್‌ನಿಂದ ಸಲೀಸಾಗಿ ಬರಬೇಕು, ಇದ್ದಿಲು ಬರಬಾರದು. ಕೆಲವು ಹಳೆಯ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಇದೇ ರೀತಿ 43 ಪಿಎಸ್‌ಐ ಗಾಳಿಯಿಂದ ಫಿಲ್ಟರ್ ಶುಚಿ ಮಾಡಲು ಹೇಳಿದೆ. ಎಲ್ಲ ಕ್ಯಾನಿಸ್ಟರ್‌ಗೂ ಅದು ಹೊಂದುವುದಿಲ್ಲ, ಪ್ಲಾಸ್ಟಿಕ್ ಹಳತಾಗಿದ್ದರೆ ಅಷ್ಟು ಒತ್ತಡ ಬೇಡವೇ ಬೇಡ. ಕಾರ್ಬೊರೇಟರ್ ಕಾಲದ ಕೆಲವು ಕ್ಯಾನಿಸ್ಟರ್‌ಗಳ ತಳದಲ್ಲಿ ಸ್ಪಂಜಿನಂಥ ಫಿಲ್ಟರ್ ಇದೆ, ಅದನ್ನು ಮಾತ್ರ ಬದಲಿಸಬಹುದು.

ಕ್ಯಾನಿಸ್ಟರ್ ಓರೆ ಮಾಡಿದಾಗ ಪೆಟ್ರೋಲ್ ತೊಟ್ಟಿಕ್ಕಿದರೆ ಅದರ ಕಥೆ ಮುಗಿಯಿತು. ಇದಕ್ಕೆ ಮುಖ್ಯ ಕಾರಣ ಬಂಕಿನ ನಳಿಗೆ ತಾನಾಗಿ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸುವುದು. ಇದ್ದಿಲು ಇರುವುದು ಆವಿ ಹಿಡಿಯಲು, ದ್ರವಕ್ಕಲ್ಲ. ವೆಂಟ್ ಮಣ್ಣು, ಜೇಡರ ಬಲೆಯಿಂದ ಕಟ್ಟಿಕೊಂಡಿದ್ದರೆ ಲಕ್ಷಣವೇ ಬೇರೆ: ಪೆಟ್ರೋಲ್ ಹಾಕುವಾಗ ನಳಿಗೆ ಪದೇ ಪದೇ ನಿಲ್ಲುತ್ತದೆ, ಓಡಿಸಿದ ಮೇಲೆ ಮುಚ್ಚಳ ತೆಗೆದರೆ ಸುಯ್ ಎಂದು ಗಾಳಿ ಒಳಗೆಳೆಯುತ್ತದೆ.

ಹಳೇಗಾಡಿ:
ಕಾಗದದ ಮೇಲೆ ಕಪ್ಪು ಹರಳು ಬಿತ್ತು, ಕರೆಂಟ್ ಇಲ್ಲದಾಗಲೂ ವಾಲ್ವ್ ಗಾಳಿ ಬಿಡುತ್ತಿದೆ. ಕ್ಯಾನಿಸ್ಟರ್ ಕೊಯ್ದು ಮೀನಿನ ತೊಟ್ಟಿಗೆ ಹಾಕುವ ಇದ್ದಿಲು ತುಂಬಿದರೆ?

ಸ್ಪ್ಯಾನರ್_14:
ಬೇಡ. ಕಾರಿನ ಇದ್ದಿಲು ಆವಿಯನ್ನು ಹಿಡಿದರೆ ಸಾಲದು, ಗಾಳಿ ಎಳೆದಾಗ ಬಿಟ್ಟುಕೊಡಲೂ ಬೇಕು. ಅದಕ್ಕೆ ರಂಧ್ರಗಳ ಅಳತೆಯೇ ಬೇರೆ. ನೀರು ಶುದ್ಧ ಮಾಡುವ ಇದ್ದಿಲಿನ ತೀರಾ ಸಣ್ಣ ರಂಧ್ರಗಳಲ್ಲಿ ಆವಿ ಕಚ್ಚಿಕೊಂಡು ಉಳಿಯುತ್ತದೆ, ಬೇಗ ತುಂಬಿಹೋಗುತ್ತದೆ. ಜೊತೆಗೆ ಒಳಗಿನ ಸ್ಪ್ರಿಂಗ್, ಜಾಲರಿ ಹರಳುಗಳನ್ನು ಅದುಮಿ ಹಿಡಿದಿರುತ್ತವೆ. ಆ ಬಿಗಿ ತಪ್ಪಿದರೆ ಉಜ್ಜಿಕೊಂಡು ಪುಡಿಯಾಗುತ್ತವೆ. ಅಂಟಿಸಿದ ಜಾಗ ಸೋರಿದರೆ ಸಣ್ಣ ಸೋರಿಕೆಯ ಕೋಡ್ ಪಿ0442 ಬೇರೆ.

ವಾಲ್ವ್, ಕ್ಯಾನಿಸ್ಟರ್ ಎರಡನ್ನೂ ಹೊಸದೇ ಹಾಕಿ. ನಡುವಿನ ಪೈಪನ್ನು ಎರಡೂ ತುದಿ ಬಿಚ್ಚಿ ಊದಿ ಹರಳು ತೆಗೆಯಿರಿ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಪೈಪ್ ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಆವಿಗೆಂದೇ ಮಾಡಿದ್ದನ್ನು ತನ್ನಿ, ಮಾಮೂಲಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಯಲಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಮಾಡಿ.

ಕಾರ್ಬ್‌ಕಾಲ:
ಕೋಡ್ ಅಳಿಸಿದ ಮೇಲೆ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಓಡಿಸಿ. ತೀರಾ ಖಾಲಿ ಅಥವಾ ಭರ್ತಿ ಇದ್ದರೆ ಹಲವು ಕಾರುಗಳ ಕಂಪ್ಯೂಟರ್ ಆವಿ ವ್ಯವಸ್ಥೆಯ ಪರೀಕ್ಷೆಯನ್ನೇ ನಡೆಸುವುದಿಲ್ಲ, ಚೆಕ್ ಎಂಜಿನ್ ಲೈಟ್ ಬರಲಿಲ್ಲ ಅಂದಮಾತ್ರಕ್ಕೆ ಸರಿಹೋಗಿದೆ ಅಂದುಕೊಳ್ಳುವ ಹಾಗಿಲ್ಲ.