‘ಅಡ್ವಾನ್ಸ್ ಪೆರೋಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಕಾಯುತ್ತಿರುವ ಹೆಂಡತಿಯರು, ಗಂಡಂದಿರು ಮತ್ತು ಊರಲ್ಲಿರುವ ಅವರ ಮನೆಯವರಿಗಾಗಿ ಎರಡು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಅರ್ಜಿ ಇನ್ನೂ ಬಾಕಿ ಇರುವಾಗ ದೇಶ ಬಿಟ್ಟು ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಕಾಗದಕ್ಕೆ ಅಲ್ಲಿ ‘ಅಡ್ವಾನ್ಸ್ ಪೆರೋಲ್’ ಅನ್ನುತ್ತಾರೆ. ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ನಮ್ಮ ಚಿಕ್ಕಪ್ಪನ ಮಗ ಅಲ್ಲಿನ ಪ್ರಜೆ. ಅವನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಮದುವೆಗೆಂದೇ ಕೊಡುವ ಕೆ-1 ವೀಸಾದಲ್ಲಿ ಹೋದಳು. ನಿಯಮದ ಪ್ರಕಾರ 90 ದಿನದೊಳಗೆ ಮದುವೆ ಮುಗಿಯಿತು, ಗ್ರೀನ್ ಕಾರ್ಡ್‌ಗೆ ಹಾಕುವ ಐ-485 ಅರ್ಜಿಯೂ ಹೋಯಿತು. ಅಷ್ಟರಲ್ಲಿ ಇಲ್ಲಿ ಅವಳ ಅಪ್ಪನಿಗೆ ಲಕ್ವ ಹೊಡೆಯಿತು. ನೋಡಿಕೊಂಡು ಬರಲು ಹೋದಾಗ ನಾನು ಅಲ್ಲೇ ಕೂತಿದ್ದೆ. ಅವಳಮ್ಮ ಗಂಜಿಯ ಲೋಟ ಹಿಡಿದುಕೊಂಡೇ ಫೋನನ್ನು ಸ್ಪೀಕರಿಗೆ ಹಾಕಿದರು. “ಪೆರೋಲ್ ಇನ್ನೂ ಬಂದಿಲ್ಲಮ್ಮ, ಅದು ಬರದೆ ಹೊರಡೋ ಹಾಗಿಲ್ಲ” ಅಂದಳು ಹುಡುಗಿ. ಅಮ್ಮನ ಮುಖ ಬಿಳಿಚಿಕೊಂಡಿತು. “ಪೆರೋಲಾ? ಯಾರೇ ನಿನ್ನ ಹಿಡ್ಕೊಂಡು ಹೋದೋರು?” ಅಂದವರೇ ಲೋಟವನ್ನು ನೆಲದ ಮೇಲಿಟ್ಟು ಅಳಲು ಶುರು ಮಾಡಿದರು. ಅವರಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಆಮೇಲೂ ಪೂರ್ತಿ ನಂಬಿದರೋ ಇಲ್ಲವೋ.

ಅವರ ತಪ್ಪೇನಿದೆ? ಕನ್ನಡ ಪೇಪರುಗಳಲ್ಲಿ ಪೆರೋಲ್ ಅಂದರೆ ಜೈಲಿನ ಮಾತೇ. ಆದರೆ ಎರಡರ ದಿಕ್ಕು ತಿರುವುಮುರುವು. ಜೈಲಿನ ಪೆರೋಲ್ ಹೊರಗೆ ಬಿಡುತ್ತದೆ, ವಲಸೆಯ ಪೆರೋಲ್ ಒಳಗೆ ಬಿಡುತ್ತದೆ. ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟು ಹೋಗಬೇಕಾದವರು ಐ-131 ಫಾರಂ ತುಂಬಿ ಈ ಕಾಗದವನ್ನು ಮೊದಲೇ ಪಡೆದಿರಬೇಕು. ಕೈಗೆ ಸಿಗುವ ಮುಂಚೆ ವಿಮಾನ ಹತ್ತಿದರೆ ಗ್ರೀನ್ ಕಾರ್ಡ್ ಅರ್ಜಿಯೇ ಹೋಯಿತು. ಕೆಲಸದ ವೀಸಾಗಳಾದ ಎಚ್-1ಬಿ, ಎಲ್-1, ಅವರ ಮನೆಯವರಿಗೆ ಸಿಗುವ ಎಚ್-4, ಎಲ್-2 ಇಂಥ ಕೆಲವು ವೀಸಾದವರಿಗೆ, ಆ ವೀಸಾ ಚಾಲ್ತಿಯಲ್ಲಿದ್ದು, ಆ ಸ್ಟೇಟಸ್ ಉಳಿಸಿಕೊಂಡಿದ್ದರೆ ವಿನಾಯಿತಿ ಇದೆ. “ನಮ್ಮಕ್ಕ ಸುಮ್ನೆ ಹೋಗಿ ಬಂದಳಲ್ಲ, ನಿನಗೇನು?” ಅಂತ ಎಚ್-4ರ ಅನುಭವವನ್ನು ಕೆ-1ರವರಿಗೆ ಹೇಳುವವರು ಜಾಸ್ತಿ. ಅದನ್ನು ನಂಬಿ ಟಿಕೆಟ್ ಮಾಡಿದರೆ ಕಷ್ಟ.

ಈಗ ಪದಕ್ಕೆ ಬರೋಣ. ನನಗೆ ಮೊದಲು ಹೊಳೆದದ್ದು ‘ಮರುಪ್ರವೇಶ ಪರವಾನಗಿ’. ಕೇಳಲು ಚೆನ್ನಾಗಿದೆ, ಆದರೆ ಸಲ್ಲದು. ರೀ-ಎಂಟ್ರಿ ಪರ್ಮಿಟ್ ಅಂತ ಬೇರೆಯೇ ಒಂದು ಕಾಗದವಿದೆ. ಅದು ಈಗಾಗಲೇ ಗ್ರೀನ್ ಕಾರ್ಡ್ ಇರುವವರು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರಬೇಕಾದಾಗ ಪಡೆಯುವುದು. ಸಾಲದ್ದಕ್ಕೆ ಎರಡಕ್ಕೂ ಅದೇ ಐ-131 ಫಾರಂ. ಹೆಸರೂ ಒಂದೇ ಆದರೆ ಯಾರೋ ಒಬ್ಬರು ತಪ್ಪು ಕಾಲಂ ತುಂಬುವುದು ಖಂಡಿತ.

‘ಮುಂಗಡ’ವೂ ಬೇಡ ಅನಿಸುತ್ತದೆ. ಅದರಲ್ಲಿ ದುಡ್ಡಿನ ವಾಸನೆಯಿದೆ, ಅಲ್ವಾ? ‘ರಹದಾರಿ’ ನನಗೆ ಇಷ್ಟದ ಹಳೆಯ ಪದ. ಆದರೆ ಅದನ್ನು ಪಾಸ್‌ಪೋರ್ಟಿಗೂ, ಗಾಡಿಯ ಪರ್ಮಿಟ್ಟಿಗೂ ಬಳಸಿ ಆಗಿದೆ.

ಮೂಲ ಹಿಡಿದು ಹೋದರೆ? ಪೆರೋಲ್ ಫ್ರೆಂಚಿನಿಂದ ಬಂದದ್ದು, ಅರ್ಥ ‘ಮಾತು’. ಭಾಷಾವಿಜ್ಞಾನಿ ಸೊಸ್ಯೂರ್‌ನನ್ನು ಓದಿದವರಿಗೆ ಗೊತ್ತಿರುವ ‘ಪರೋಲ್’ ಕೂಡ ಇದೇ. ಯುದ್ಧದಲ್ಲಿ ಸೆರೆಸಿಕ್ಕವನು ಇನ್ನು ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟರೆ ಬಿಡುತ್ತಿದ್ದರು. ನಮ್ಮ ‘ಭಾಷೆ’ಯೂ ಹಾಗೇ ನೋಡಿ: ಆಡುವುದೂ ಭಾಷೆ, ಕೊಡುವುದೂ ಭಾಷೆ. ಇದನ್ನು ಕಂಡಾಗ ನನಗೆ ತುಂಬಾ ಖುಷಿಯಾಯಿತು. ಆದರೆ ಮಾಹಿತಿ ಪುಟಕ್ಕೆ ಇದರಿಂದ ಉಪಯೋಗವಿಲ್ಲ. ವಲಸೆ ಕಚೇರಿಯಲ್ಲಿ ಯಾರೂ ಯಾರಿಗೂ ಭಾಷೆ ಕೊಡುವುದಿಲ್ಲ.

ನಿಜವಾದ ಕಷ್ಟ ಇನ್ನೊಂದು ಕಡೆ ಇದೆ. 1952ರ ಅಲ್ಲಿನ ವಲಸೆ ಕಾಯ್ದೆ ‘ಅಡ್ಮಿಟ್’ ಮಾಡುವುದನ್ನೂ ‘ಪೆರೋಲ್’ ಮಾಡುವುದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಪೆರೋಲ್ ಆದವರು ಆ ನೆಲದ ಮೇಲೆ ನಿಂತಿರುತ್ತಾರೆ, ಆದರೆ ಕಾನೂನಿನ ಲೆಕ್ಕದಲ್ಲಿ ಇನ್ನೂ ಒಳಗೆ ಬಂದಿಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಂದವರನ್ನು ಜಗಲಿಯಲ್ಲಿ ಕೂರಿಸುತ್ತೇವಲ್ಲ, ಹಾಗೆ. ಮಳೆಯಿಂದ ತಪ್ಪಿಸಿಕೊಂಡಿದ್ದಾರೆ, ಹೊಸ್ತಿಲು ದಾಟಿಲ್ಲ. ಆದ್ದರಿಂದ ‘ಪ್ರವೇಶ’ ಅನ್ನುವ ಪದವನ್ನು ಎಲ್ಲಿ ಬಳಸಿದರೂ ಅರ್ಥ ಕೆಡುತ್ತದೆ. ಅಡ್ಮಿಟ್‌ಗೆ ‘ಸೇರಿಸಿಕೊಳ್ಳುವುದು’, ಪೆರೋಲ್‌ಗೆ ‘ಒಳಬಿಡುವುದು’ ಅಂದರೆ ವ್ಯತ್ಯಾಸ ಉಳಿಯುತ್ತದೆ ಅಂತ ನನ್ನ ಎಣಿಕೆ.

ಹಾಗಾಗಿ ನನ್ನ ಮುಂದೆ ಎರಡು ಪದಗಳಿವೆ. ಒಂದು ‘ಒಳಬಿಡುವ ಮುನ್ನೊಪ್ಪಿಗೆ’. ಅರ್ಥಕ್ಕೆ ಸರಿ, ಬಾಯಿಗೆ ಸ್ವಲ್ಪ ಒರಟು. ಇನ್ನೊಂದು ‘ಹೋಗಿಬರುವ ಪತ್ರ’. ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಆ ಅಮ್ಮನಿಗೆ ಕೊನೆಗೆ ಅರ್ಥವಾದದ್ದೂ ಹೀಗೆ ಹೇಳಿದಾಗಲೇ. ಆದರೆ ಒಂದು ಅಳುಕಿದೆ. ಕಾಗದ ಕೈಯಲ್ಲಿದ್ದರೂ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಬೇಡ ಅನ್ನಬಹುದು. ‘ಹೋಗಿಬರುವ’ ಅಂದರೆ ವಾಪಸ್ ಬರುವುದು ಗ್ಯಾರಂಟಿ ಅಂತ ಓದುಗರು ತಿಳಿದುಬಿಟ್ಟರೆ?

ಇನ್ನೊಂದು ಸಣ್ಣ ಪ್ರಶ್ನೆ. ಈ ಕಾಗದ ಸಿಗುವ ಮುಂಚೆ ಹೊರಟರೆ ಅರ್ಜಿ ‘ಅಬ್ಯಾಂಡನ್’ ಆಗುತ್ತದೆ ಅನ್ನುವುದನ್ನು ಒಂದು ಕಡೆ ‘ಅರ್ಜಿಯನ್ನು ಕೈಬಿಡಲಾಗುವುದು’ ಅಂತ ಬರೆದದ್ದು ನೋಡಿದೆ. ಓದಿದರೆ ಕಚೇರಿಯವರು ಕೈಬಿಟ್ಟ ಹಾಗಿದೆ. ಆದರೆ ಕಾನೂನು ಹೇಳುವುದು ‘ನೀವೇ ಬಿಟ್ಟುಹೋದಿರಿ’ ಅಂತ. ನಾನು ‘ನೀವೇ ಅರ್ಜಿ ಕೈಬಿಟ್ಟ ಲೆಕ್ಕ’ ಅಂತ ಬರೆದಿದ್ದೇನೆ. ಸರಿಯಿದೆಯಾ, ಅಥವಾ ತೀರಾ ಬಿರುಸಾಯಿತಾ?

ನಿಮ್ಮ ಮನೆಯಲ್ಲಿ ಯಾರಾದರೂ ಈ ಕಾಗದಕ್ಕೆ ಕಾದಿದ್ದರೆ, ಊರಿನ ಹಿರಿಯರಿಗೆ ಅದನ್ನು ಏನಂತ ಹೇಳಿದಿರಿ? ದಯವಿಟ್ಟು ಬರೆಯಿರಿ. ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.