ಎರವಿಕುಳಂಗೆ ಫೆಬ್ರವರಿಯಲ್ಲಿ ಹೋಗಬಹುದಾ?

ತೋಟದಮನೆ (ಬದಿಯಡ್ಕ):
ಫೆಬ್ರವರಿಯಲ್ಲಿ ಮೂನ್ನಾರ್ ಕಡೆ ಹೋಗುವ ಅಂತ ಇದ್ದೇವೆ. ಅತ್ತೆಗೆ ಮೊಣಕಾಲು ನೋವು, ಜಾಸ್ತಿ ಹತ್ತಲಿಕ್ಕೆ ಆಗುವುದಿಲ್ಲ. ಮಗನಿಗೆ ಆನಮುಡಿಯ ತುದಿಗೇ ಹೋಗಬೇಕಂತೆ, ಹುಲಿಯೂ ಕಾಣಬೇಕಂತೆ. ನನಗೆ ನೀಲಕುರಿಂಜಿ ನೋಡುವ ಆಸೆ. ಎರವಿಕುಳಂ ಪಾರ್ಕಿನಲ್ಲಿ ಇದೆಲ್ಲ ಆಗ್ತದಾ? ನಮ್ಮ ಕಾಸರಗೋಡಿನ ರಾಣಿಪುರಂ ಗುಡ್ಡ ನೋಡಿದವರಿಗೆ ಅಲ್ಲಿ ಹೊಸತೇನಾದರೂ ಉಂಟಾ?

ಮುಳ್ಳೇರಿಯ ಮಾಷ್ಟ್ರು:
ಅಕ್ಕಾ, ಮೊದಲು ತಿಂಗಳು ಬದಲಿಸಿ. ಅದು ವರಯಾಡು, ಅಂದರೆ ನೀಲಗಿರಿ ತಾರ್ ಎಂಬ ಕಾಡುಮೇಕೆ, ಮರಿ ಹಾಕುವ ಕಾಲ. ಫೆಬ್ರವರಿ, ಮಾರ್ಚ್‌ನಲ್ಲಿ ಪಾರ್ಕ್ ಮುಚ್ಚುವುದು ವಾಡಿಕೆ.

ಕುರಿಂಜಿಯ ಆಸೆ ಸದ್ಯಕ್ಕೆ ಬಿಡಿ. ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಹೂವು ಅದು. 2006ರಲ್ಲಿ ಬಿಟ್ಟಿತ್ತು, ಆಮೇಲೆ 2018ರಲ್ಲಿ. ಆ ವರ್ಷ ಹೂವಿನ ಸಮಯಕ್ಕೇ ದೊಡ್ಡ ನೆರೆ ಬಂದು ಮೂನ್ನಾರಿನ ದಾರಿಯೇ ಕಡಿದುಹೋಯಿತು. ಮುಂದಿನದು 2030ಕ್ಕೆ. ನಡುವೆ ಬೇರೆ ಜಾತಿಯ ಕುರಿಂಜಿಯ ಫೋಟೋ ವಾಟ್ಸಾಪ್‌ನಲ್ಲಿ ತಿರುಗುತ್ತದೆ, ನಂಬಬೇಡಿ.

ಆನಮುಡಿ 2,695 ಮೀಟರ್, ದಕ್ಷಿಣ ಭಾರತದಲ್ಲೇ ಎತ್ತರದ್ದು. ಕೆಳಗಿನಿಂದ ನೋಡಿ ತೃಪ್ತಿಪಡಬೇಕು. ಪ್ರವಾಸಿಗರನ್ನು ಬಿಡುವುದು ರಾಜಮಲೆಗೆ ಮಾತ್ರ. ಅಲ್ಲಿಗೆ ಅರಣ್ಯ ಇಲಾಖೆಯ ಬಸ್ಸೇ ಕರೆದುಕೊಂಡು ಹೋಗುತ್ತದೆ. ಆಮೇಲಿನದು ಟಾರು ರಸ್ತೆ. ಅತ್ತೆಯವರು ಸಾಕೆನಿಸಿದಲ್ಲಿ ನಿಂತರೂ ನಷ್ಟವಿಲ್ಲ, ಯಾಕೆಂದರೆ ವರಯಾಡುಗಳು ರಸ್ತೆಯ ಬದಿಗೇ ಬಂದು ಮೇಯುತ್ತವೆ.

ಮಗನಿಗೆ ಹೇಳಿ: ಕಾಡಿನಲ್ಲಿ ಹುಲಿ ಇದೆ, ಆದರೆ ಅದನ್ನು ನಂಬಿ ಟಿಕೆಟ್ ತೆಗೆಯಬೇಡ. ಈ ಪಾರ್ಕ್ ಆದದ್ದೇ ವರಯಾಡಿಗಾಗಿ. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 97 ಚದರ ಕಿಲೋಮೀಟರ್ ಅಷ್ಟೇ. ವಯಸ್ಸಾದ ಗಂಡು ವರಯಾಡನ್ನು ಹುಡುಕಲಿ. ಮೈ ಕಪ್ಪಾಗಿ, ಬೆನ್ನ ಮೇಲೆ ಜೀನು ಹಾಕಿದ ಹಾಗೆ ಬಿಳಿ ಮಚ್ಚೆ ಇರುತ್ತದೆ. ಕಡಿದಾದ ಬಂಡೆಯಲ್ಲಿ ಅದು ಓಡುವುದನ್ನು ಕಂಡರೆ ಹುಲಿ ಮರೆತೇ ಹೋಗುತ್ತದೆ. ಚಿಪ್ಸ್ ತೋರಿಸಿ ಸೆಲ್ಫಿಗೆ ಕರೆಯುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮುಟ್ಟುವುದು, ತಿನ್ನಿಸುವುದು ಕೇಸಾಗುವ ವಿಷಯ.

ರಾಣಿಪುರಂನಲ್ಲೂ ಹುಲ್ಲುಗುಡ್ಡ, ಅದರ ಸಂದುಗಳಲ್ಲಿ ಬೆಳೆಯುವ ಶೋಲಾ ಕಾಡು ಉಂಟು, ಸರಿ. ಆದರೆ ಎರವಿಕುಳಂನ ಹೆಚ್ಚಿನ ಭಾಗ 2,000 ಮೀಟರಿಗಿಂತ ಮೇಲೆ. ಗಾಳಿಗೆ, ಚಳಿಗೆ ಮರಗಳು ಕುಳ್ಳಗೇ ಉಳಿದು, ಗುಡ್ಡದ ಸಂದುಗಳಲ್ಲಿ ಮಾತ್ರ ಒತ್ತಾಗಿ ನಿಂತಿವೆ. ಉಳಿದದ್ದೆಲ್ಲ ಹುಲ್ಲು. ಇಂಥ ನೋಟ ನಮ್ಮ ಜಿಲ್ಲೆಯಲ್ಲಿಲ್ಲ.

ಕುಂಬಳೆ ಪ್ಯಾಸೆಂಜರ್:
ಕಾರು ಬೇಡ. ಕಾಸರಗೋಡಿನಿಂದ ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಆಲುವಾದಲ್ಲಿ ಇಳಿಯಿರಿ. ಅಲ್ಲಿಂದ ಮೂನ್ನಾರಿಗೆ ಸುಮಾರು 110 ಕಿಲೋಮೀಟರ್, ಬಸ್ ಸಿಗುತ್ತದೆ. ಘಾಟಿಯ ತಿರುವು ಜಾಸ್ತಿ, ವಾಂತಿ ಮಾಡುವವರಿದ್ದರೆ ಮುಂದಿನ ಸೀಟು ಹಿಡಿಯಿರಿ.

ತೋಟದಮನೆ:
ಹಾಗಾದರೆ ಜನವರಿ ಮೊದಲ ವಾರ ಹೋಗುವುದಾ ಮಾಷ್ಟ್ರೇ? ಮಗನ ಮುಖ ಈಗಲೇ ಸಣ್ಣದಾಗಿದೆ.

ಮುಳ್ಳೇರಿಯ ಮಾಷ್ಟ್ರು:
ಹೋಗಿ. ಹೊಸವರ್ಷದ ಗದ್ದಲ ಇಳಿದ ಮೇಲೆ, ವಾರದ ನಡುವೆ, ಬೆಳಿಗ್ಗೆಯ ಮೊದಲ ಬಸ್ಸಿಗೆ. ಮುಚ್ಚುವ ದಿನಾಂಕ ಪ್ರತಿ ವರ್ಷ ಬೇರೆ ಹೇಳುತ್ತಾರೆ, ಹೊರಡುವ ಮೊದಲು ವಿಚಾರಿಸಿ. ಮತ್ತೆ, ಅತ್ತೆಗೆ ಸ್ವೆಟರ್, ಕಾಲುಚೀಲ ಎರಡೂ ಬೇಕು. ಇಲ್ಲಿನ ಜನವರಿಯ ಲೆಕ್ಕದಲ್ಲಿ ಹೋಗಬೇಡಿ.