ಕೊಕ್ಕಿನ ಜನ ರೊಟ್ಟಿ ಹೇಗೆ ತಿನ್ನುತ್ತಾರೆ? ಹಕ್ಕಿ ಬಲ್ಲವರು ಹೇಳಿ

ನಾನು ವಿಜಯಪುರದ ಕನ್ನಡ ಶಾಲೆಯ ಟೀಚರ್. ಮಕ್ಕಳಿಗಾಗಿ ಒಂದು ಕಥೆ ಬರೆಯುತ್ತಿದ್ದೇನೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಹಕ್ಕಿ ಜನರ ಊರು. ನಮ್ಮಷ್ಟೇ ಎತ್ತರ, ಮೈತುಂಬ ಗರಿ. ತುಟಿ ಇಲ್ಲ, ಹಲ್ಲಿಲ್ಲ, ಕೊಕ್ಕು ಇದೆ. ರೆಕ್ಕೆಯೇ ಕೈ. ಅವರು ಊಟ ಹೇಗೆ ಮಾಡಬೇಕು, ನೀರು ಹೇಗೆ ಕುಡಿಯಬೇಕು, ಬಾಗಿಲು ಹೇಗೆ ತೆಗೆಯಬೇಕು? ಕಥೆ ಅಲ್ಲಿಗೇ ನಿಂತಿದೆ. ನೀವು ಕಂಡದ್ದು ಹೇಳಿ.

ಮುಧೋಳ ಕಡೆಯವರು, ಕೋಳಿ ಪಾರಿವಾಳ ಸಾಕಿದವರು:

ಅಕ್ಕೋರೆ, ಮೊದಲು ಯಾವ ಕೊಕ್ಕು ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಸುಮ್ನೆ "ಹಕ್ಕಿ" ಅಂದರೆ ಏನೂ ತಿಳಿಯುವುದಿಲ್ಲ. ಕೋಳಿ ನೀರನ್ನು ಹೀರುವುದಿಲ್ಲ. ಕೊಕ್ಕಿನಲ್ಲಿ ಒಂದಿಷ್ಟು ತುಂಬಿಕೊಂಡು ತಲೆ ಎತ್ತುತ್ತದೆ, ನೀರು ತಾನಾಗಿ ಗಂಟಲಿಗೆ ಇಳಿಯುತ್ತದೆ. ಪಾರಿವಾಳ ಹಾಗಲ್ಲ. ಕೊಕ್ಕು ಅದ್ದಿ, ತಲೆ ಎತ್ತದೆ ಎಳೆದುಕೊಳ್ಳುತ್ತದೆ. ಅಂದರೆ ಕೋಳಿ ಕೊಕ್ಕಿನವರಿಗೆ ಚಹಾದ ಬಶಿಯಂಥ ಅಗಲ ಪಾತ್ರೆ ಬೇಕು. ಪಾರಿವಾಳದ ಮನೆತನಕ್ಕೆ ಲೋಟ ನಡೆಯುತ್ತದೆ. ಆದರೆ ಪಾತ್ರೆ ಎತ್ತಿ ಕುಡಿಯುವುದು ಇಬ್ಬರಿಗೂ ಆಗದು, ತುಟಿ ಇಲ್ಲವಲ್ಲ. ಪಾತ್ರೆ ಕಟ್ಟೆಯ ಮೇಲೆ ಇರಬೇಕು, ಕುಡಿಯುವವರು ಬಗ್ಗಬೇಕು. ಕೋಳಿ ಕೊಕ್ಕಿನವರು ಗುಟುಕಿಗೊಮ್ಮೆ ಮೇಲೆ ನೋಡುವುದರಿಂದ ಮಾತು ಅಲ್ಲಲ್ಲಿ ನಿಲ್ಲುತ್ತದೆ. ಹಿರಿಯರು ತಲೆ ಇಳಿಸುವ ತನಕ ಯಾರೂ ಮಾತಾಡಬಾರದು ಅನ್ನೋ ಪದ್ಧತಿ ಅಲ್ಲಿಂದಲೇ ಹುಟ್ಟಲಿ.

ಹಲ್ಲಿಲ್ಲದ್ದಕ್ಕೆ ಕಾಳು ಅರೆಯುವ ಕೆಲಸ ಹೊಟ್ಟೆಯೊಳಗಿನ ಗಟ್ಟಿ ಮಾಂಸದ ಚೀಲದ್ದು. ಅದಕ್ಕೇ ಕೋಳಿ ಸಣ್ಣ ಹರಳು ನುಂಗುತ್ತದೆ. ನಿಮ್ಮ ಊರಲ್ಲಿ ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆಯ ಜಾಗದಲ್ಲಿ ಹರಳಿನ ತಟ್ಟೆ ಬರಲಿ. ಬೀಗರು ಬರುವಾಗ ಘಟಪ್ರಭೆ ದಂಡೆಯ ಒಳ್ಳೆಯ ಹರಳು ಆರಿಸಿ ತರಲಿ.

ಇನ್ನೊಂದು. ಪಾರಿವಾಳದಲ್ಲಿ ಗಂಡು ಹೆಣ್ಣು ಎರಡೂ ಮರಿಗೆ ಹಾಲಿನಂಥ ಗಟ್ಟಿ ಆಹಾರ ಉಣಿಸುತ್ತವೆ. ಅದು ಕುತ್ತಿಗೆ ಬುಡದ ಚೀಲದಲ್ಲಿ ಹುಟ್ಟುತ್ತದೆ. ಹಾಗಾಗಿ ಬಾಣಂತನ ಅಪ್ಪನಿಗೂ ಇರಬೇಕು. ಇದನ್ನು ಬಿಡಬೇಡಿ, ಮಕ್ಕಳು ಖಂಡಿತ ಇಷ್ಟಪಡುತ್ತಾರೆ.

ಬೆಳಗಾವಿ ಹತ್ತಿರದ ಹಳ್ಳಿಯವರು:

ನಮ್ಮ ಮೆಣಸಿನಕಾಯಿ ಗಿಡಕ್ಕೆ ಗಿಳಿ ಬರುತ್ತವೆ. ಆರಾಮಾಗಿ ತಿಂದು ಹೋಗುತ್ತವೆ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್. ಅದು ನಮ್ಮ ನಾಲಿಗೆಗೆ ತಾಗಿದ ಹಾಗೆ ಹಕ್ಕಿಗೆ ತಾಗುವುದಿಲ್ಲ. ಹಕ್ಕಿ ಜನರ ಮನೆಯಲ್ಲಿ ರಂಜಕವನ್ನು (ಕೆಂಪು ಮೆಣಸಿನಕಾಯಿ ಚಟ್ನಿ) ಬರೀ ಹಾಗೇ ತಿನ್ನುತ್ತಾರೆ ಅಂತ ಬರೆಯಿರಿ. ಊಟಕ್ಕೆ ಬಂದ ಮನುಷ್ಯನಿಗೂ ಪ್ರೀತಿಯಿಂದ ಅಷ್ಟೇ ಬಡಿಸುತ್ತಾರೆ. ಹಾಲು ಮಾತ್ರ ಅವರಿಗೆ ಒಗ್ಗಬಾರದು, ಹಕ್ಕಿಗೆ ಅದು ಜೀರ್ಣ ಆಗುವುದಿಲ್ಲ.

ರೊಟ್ಟಿ ಅಂದಿರಿ. ಗಿಳಿ ಕೊಕ್ಕಿಗೆ ಖಡಕ್ ರೊಟ್ಟಿಯೇ ಸರಿ. ಬಿಸಿ ಮೆತ್ತನೆ ರೊಟ್ಟಿ ಕೊಕ್ಕಿಗೆ ಅಂಟುತ್ತದೆ. ಸಾರಿಗಿಂತ ಮಡಿಕೆ ಕಾಳಿನ ಪಲ್ಯ, ಶೇಂಗಾ, ಚುರುಮುರಿ ಚೆನ್ನ. ಸೀತನಿ (ಎಳೆ ಜೋಳದ ತೆನೆ) ಕಾಲದಲ್ಲಂತೂ ಹಬ್ಬವೇ. ಗಿಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಕಾಲಿನಲ್ಲೇ ಹಿಡಿದು ಬಾಯಿಗೆ ತರುತ್ತದೆ. ಗಿಳಿಗಳಲ್ಲಿ ಎಡಗಾಲು ಬಳಸುವವೇ ಜಾಸ್ತಿ. ಹಾಗಿದ್ದರೆ ಎಡಗೈಯಲ್ಲಿ ಉಣ್ಣಬಾರದು ಅನ್ನೋ ಮಾತು ಆ ಊರಲ್ಲಿ ಹುಟ್ಟುವುದೇ ಇಲ್ಲ, ಅಲ್ವಾ?

ಇಳಕಲ್ಲಿನ ನೇಕಾರರು:

ರೆಕ್ಕೆಯೇ ಕೈ ಅಂದಿದ್ದೀರಿ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಹಾರುವ ಗರಿಗಳು ಮುಂಗೈ ಮತ್ತು ಹಸ್ತದ ಎಲುಬಿಗೇ ಕೂತಿರುತ್ತವೆ. ಆ ಕೈಯಲ್ಲಿ ಕೊಡ ಹೊತ್ತರೆ, ಸೌದೆ ಒಡೆದರೆ ಗರಿ ಮುರಿಯುತ್ತದೆ. ಮುರಿದ ಗರಿ ಮತ್ತೆ ಕೂಡುವುದಿಲ್ಲ, ಅದು ಉದುರಿ ಹೊಸದು ಬರಬೇಕು. ಕೆಲಸವನ್ನು ಕೊಕ್ಕು, ಕಾಲಿಗೇ ಕೊಡಿ.

ಗೀಜಗ ನೋಡಿ. ಗೂಡು ನೇಯುವುದು ಗಂಡು. ಹಸಿ ಹುಲ್ಲಿನ ಎಳೆ ಸೀಳಿ ತರುತ್ತದೆ. ಒಂದು ತುದಿ ಕಾಲಿನಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಕೊಕ್ಕಿನಿಂದ ತೂರಿಸಿ ಎಳೆಯುತ್ತದೆ. ಗೂಡು ಅರ್ಧ ಆದಾಗ ಹೆಣ್ಣು ಬಂದು ನೋಡುತ್ತದೆ, ಮನಸ್ಸಿಗೆ ಬಂದರೆ ಮಾತ್ರ ಉಳಿಯುತ್ತದೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತೇವೆ. ಟೋಪಿ ತೆನಿ ಅಂತೀವಿ. ಕಣ್ಣು ಬೆರಳು ಎರಡಕ್ಕೂ ತ್ರಾಸಿನ ಕೆಲಸ. ಗೀಜಗದ ಚೂಪು ಕೊಕ್ಕಿಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ. ಮಗ್ಗ ಮಾತ್ರ ಬದಲಾಗಬೇಕು. ಕುಣಿಮಗ್ಗದಲ್ಲಿ (ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ) ನಾವು ಕಾಲಿನಿಂದ ತುಳಿದು ಕೈಯಿಂದ ಲಾಳಿ ಓಡಿಸುತ್ತೇವೆ. ಅವರಿಗೆ ಒಂದು ಮಗ್ಗಕ್ಕೆ ಇಬ್ಬರು ಬೇಕು, ಒಬ್ಬರು ತುಳಿಯಲು, ಒಬ್ಬರು ಲಾಳಿಗೆ. ಗಂಡ ಹೆಂಡತಿ ಜಗಳ ಆದ ದಿನ ನೇಯ್ಗೆ ನಿಲ್ಲುತ್ತದೆ. ನಿಮಗೊಂದು ಕಥೆ ಸಿಕ್ಕಿತು.

ಬಾಗಿಲಿಗೆ ಚಿಲಕ ಬೇಡ. ಕೊಕ್ಕಿನ ಎತ್ತರಕ್ಕೆ ಗಂಟು ಹಾಕಿದ ಹಗ್ಗ ಇರಲಿ, ಕಚ್ಚಿ ಎಳೆದರೆ ತೆರೆಯಬೇಕು.

ಟೀಚರ್ ಮತ್ತೆ: ಎಲ್ಲರಿಗೂ ಶರಣು. ರೆಕ್ಕೆ ವಿಷಯ ತಿದ್ದುತ್ತೇನೆ. ಅವರು ಕೂರುವುದು, ಮಲಗುವುದು ಹೇಗೆ? ನಮ್ಮ ಬಿಸಿಲಿಗೆ ಏನು ಮಾಡುತ್ತಾರೆ?

ಬಾಗಲಕೋಟೆಯವರು, ಹಿನ್ನೀರಿನಲ್ಲಿ ಹಕ್ಕಿ ನೋಡುವವರು:

ಚಕ್ಕಳಮಕ್ಕಳ ಹಾಕಲು ಅವರಿಗೆ ಆಗುವುದಿಲ್ಲ. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಅಂತ ನಾವು ಅಂದುಕೊಳ್ಳುವುದು ನಿಜಕ್ಕೂ ಅದರ ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಗರಿಯೊಳಗೆ ಇರುತ್ತದೆ. ಹಕ್ಕಿ ಕೊಂಬೆಯ ಮೇಲೆ ಕಾಲು ಮಡಚಿ ಕೂತೇ ಮಲಗುತ್ತದೆ. ನಿದ್ದೆಯಲ್ಲೂ ಬೀಳುವುದಿಲ್ಲ. ಮಂಚದ ಬದಲು ಅಡ್ಡ ತೊಲೆ ಹಾಕಿಸಿ. ಪಂಕ್ತಿಯೂ ತೊಲೆಯ ಮೇಲೇ ನಡೆಯಲಿ.

ಹಕ್ಕಿಗೆ ಬೆವರು ಇಲ್ಲ. ಬಿಸಿಲಿಗೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ನಡು ಮಧ್ಯಾಹ್ನ ಇಡೀ ಊರು ನೆರಳಲ್ಲಿ ಬಾಯಿ ತೆರೆದು ಕೂತಿರಲಿ. ಅದು ಸೋಮಾರಿತನ ಅಲ್ಲ ಅಂತ ಕಥೆಯಲ್ಲಿ ಯಾರಾದರೂ ಹೇಳಲೇಬೇಕು. ಸ್ನಾನಕ್ಕೆ ನೀರಿನ ಜೊತೆ ಧೂಳಿನ ಗುಂಡಿಯೂ ಇರಲಿ, ಗುಬ್ಬಿಗಳು ಮಾಡುತ್ತವಲ್ಲ ಹಾಗೆ.

ಹಿನ್ನೀರು ಅಂದ ಮೇಲೆ ರಾಜಹಂಸವನ್ನು, ಅಂದರೆ ಫ್ಲೆಮಿಂಗೊವನ್ನು, ಬಿಡಲಾದೀತೇ? ಫ್ಲೆಮಿಂಗೊ ತಲೆಯನ್ನು ತಲೆಕೆಳಗು ಮಾಡಿ ನೀರಿಗೆ ಇಳಿಸುತ್ತದೆ. ನಾಲಿಗೆ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ, ಕೊಕ್ಕಿನ ಅಂಚಿನ ಬಾಚಣಿಗೆ ಹಲ್ಲಿನಂಥ ಸಣ್ಣ ಪದರಗಳಲ್ಲಿ ಆಹಾರ ಉಳಿಯುತ್ತದೆ. ಆ ಮನೆತನದವರಿಗೆ ತಟ್ಟೆ ಕೊಟ್ಟರೆ ಪ್ರಯೋಜನ ಇಲ್ಲ, ತೆಳ್ಳಗಿನ ಅಂಬಲಿ ತುಂಬಿದ ಅಗಲ ಬಾನಿ ಬೇಕು. ಬೇಸಿಗೆ ಹತ್ತಿರ ಬಂದು ನೀರು ಇಳಿದಾಗ ಹೆರಕಲ್ ಕಡೆ ಬನ್ನಿ ಅಕ್ಕೋರೆ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ದುರ್ಬೀನು ನನ್ನ ಹತ್ತಿರ ಇದೆ.